ದೊಡ್ಡ ಬುದ್ಧನ ಬಾಗಿಲಲ್ಲಿ ಚಪ್ಪಲಿ ಕಾದದ್ದು

ಕಳೆದ ನವೆಂಬರ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಜಪಾನಿನ ಕ್ಯೋಟೋ ನಗರದ ಹಳೆಯ ಬೌದ್ಧ ಮಂದಿರವೊಂದರಲ್ಲಿ ನನ್ನ ಬಲಗಾಲಿನ ಬೂಟು ಕಾಣೆಯಾಯಿತು. ಎಡಗಾಲಿನದು ಇಟ್ಟಲ್ಲೇ ಇತ್ತು. ಯಾರಿಗೂ ಗಾಯಗಳಾಗಲಿಲ್ಲ. ಮಂದಿರದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅವರದು ಏನೂ ತಪ್ಪಿರಲಿಲ್ಲ ಎಂಬುದು ಆನಂತರ ಖಚಿತವಾಯಿತು. ತಪ್ಪು ಯಾರದೆಂಬುದೂ ಖಚಿತವಾಗಿದೆ. ಆ ವ್ಯಕ್ತಿಯ ಹೆಸರನ್ನು ಇಲ್ಲಿ ಬೇರೆಯಾಗಿ ಬರೆಯುವ ಅಗತ್ಯವಿಲ್ಲ, ಬರಹದ ಜೊತೆಗೆ ಅದು ಹೇಗೂ ಅಚ್ಚಾಗುತ್ತದೆ.

ಕಲಬುರಗಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಊರವರ ಸುದ್ದಿ ತಿದ್ದುತ್ತಲೇ ನನ್ನ ತಲೆ ನೆರೆತಿದೆ. ಏನಾಯಿತು, ಎಲ್ಲಿ, ಯಾವಾಗ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಬೇಕು. ‘ಅದ್ಧೂರಿ’, ‘ಭೀಕರ’, ‘ಕಿಕ್ಕಿರಿದ’ ಎಂಬ ಪದಗಳನ್ನು ಕಂಡಲ್ಲಿ ಹೊಡೆದುಹಾಕಬೇಕು. ಕಣ್ಣಾರೆ ಕಾಣದ್ದನ್ನು ಕಂಡಂತೆ ಬರೆಯಬಾರದು. ಹೊಸದಾಗಿ ಬರುವ ವರದಿಗಾರರಿಗೆ ನಾನು ಕಲಿಸುವುದು ಇಷ್ಟೇ. ಕಚೇರಿಯಲ್ಲಿ ಇದಕ್ಕೆ ಶಿಸ್ತು ಎನ್ನುತ್ತಾರೆ. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ. ‘ಬದನಿಕಾಯಿ ಪಲ್ಯ ಹ್ಯಾಂಗ ಆಗ್ಯಾದ?’ ಎಂದು ಹೆಂಡತಿ ಮಹಾದೇವಿ ಕೇಳಿದರೆ ‘ಆಗ್ಯಾದ’ ಎಂದು ಉತ್ತರ ಕೊಡುವ ಗಂಡ ನಾನು. ‘ಇವರ ಬಾಯಾಗಿಂದ ಒಂದು ಛಲೋ ಮಾತು ಹೊರಬೀಳಬೇಕಂದ್ರ ಜಿಲ್ಲಾಧಿಕಾರಿಗಳೇ ಬಂದು ದೃಢಪಡಿಸಬೇಕು’ ಎಂದು ಅವಳು ತನ್ನ ಶಾಲೆಯ ಗೆಳತಿಯರ ಮುಂದೆ ಹೇಳಿ ನಗಿಸುತ್ತಾಳೆ. ಆಧಾರವಿಲ್ಲದೆ ಏನನ್ನೂ ನಂಬದ ಇಂಥ ನನಗೆ ಒಂದೇ ಒಂದು ವಿಷಯದಲ್ಲಿ ಮಾತ್ರ ಅಚಲವಾದ ನಂಬಿಕೆಯಿತ್ತು. ಅದು ಚಪ್ಪಲಿಗೆ ಸಂಬಂಧಿಸಿದ್ದು.

ನಂಬಿಕೆ ಇಷ್ಟೇ: ಕಳ್ಳ ಒಯ್ಯುವುದು ಜೋಡಿಯನ್ನು. ಒಂಟಿ ಚಪ್ಪಲಿ ಯಾರಿಗೂ ಬೇಡ. ಆದ್ದರಿಂದ ಗುಡಿಗೆ ಹೋದಾಗ, ಮದುವೆಗೆ ಹೋದಾಗ, ಒಂದನ್ನು ಬಾಗಿಲಿನ ಈ ಬದಿಗೆ, ಇನ್ನೊಂದನ್ನು ಆ ಬದಿಗೆ ಬಿಡಬೇಕು. ನಡುವೆ ಒಂದು ಬೇವಿನಮರ ಇದ್ದರೆ ಇನ್ನೂ ಕ್ಷೇಮ. ಇದನ್ನು ನಾನು ಕಂಡುಹಿಡಿದದ್ದಲ್ಲ, ನಮ್ಮ ಕಡೆ ಅರ್ಧ ಊರೇ ಹೀಗೆ ಮಾಡುತ್ತದೆ. ನನಗೆ ಇದರ ದೀಕ್ಷೆ ಸಿಕ್ಕಿದ್ದು ಮದುವೆಯಾದ ಹೊಸತರಲ್ಲಿ. ಮಾವನ ಮನೆಯವರು ಕೊಡಿಸಿದ್ದ ಹೊಸ ಚಪ್ಪಲಿ ಮೆಟ್ಟಿಕೊಂಡು ಬ್ರಹ್ಮಪುರದ ಗುಡಿಯೊಂದಕ್ಕೆ ಹೋಗಿದ್ದೆವು. ಕಾಯಿ ಒಡೆಸಿ ಹೊರಗೆ ಬರುವಷ್ಟರಲ್ಲಿ ಚಪ್ಪಲಿ ಇರಲಿಲ್ಲ. ಮೇ ತಿಂಗಳು, ನೆತ್ತಿಯ ಮೇಲೆ ಸೂರ್ಯ, ಕೆಳಗೆ ಡಾಂಬರು. ಹೊಸ ಅಳಿಯ ಒಂದು ಅಂಗಡಿಯ ನೆರಳಿನಿಂದ ಇನ್ನೊಂದು ಅಂಗಡಿಯ ನೆರಳಿಗೆ ಜಿಗಿಯುತ್ತ ಮನೆ ಸೇರಿದ. ಹೊಸ ಹೆಂಡತಿ ನನ್ನ ಎದುರಿಗೆ ಮೊಟ್ಟಮೊದಲ ಬಾರಿ ಮನಬಿಚ್ಚಿ ನಕ್ಕಿದ್ದು ಅವತ್ತು. ಮಾವ ಮಾತ್ರ ನಗಲಿಲ್ಲ. ಕಾಲಿಗೆ ಬೆಣ್ಣೆ ಸವರಿಕೊಳ್ಳುತ್ತಿದ್ದ ನನ್ನ ಪಕ್ಕದಲ್ಲಿ ಕೂತು, ‘ಅಳಿಯಂದಿರ, ಗಂಡ ಹೆಂಡ್ತಿ ಕೂಡಿ ಇರ್ರಿ. ಚಪ್ಪಲಿ ಮಾತ್ರ ಕೂಡಿ ಇಡಬ್ಯಾಡ್ರಿ’ ಎಂದರು.

ಅಂದಿನಿಂದ ನಾನು ಇದನ್ನು ಒಂದು ಕಲೆಯಾಗಿ ಬೆಳೆಸಿದೆ. ಎಡಗಾಲಿನದು ಹೂಕುಂಡದ ಹಿಂದೆ, ಬಲಗಾಲಿನದು ನೀರಿನ ಡ್ರಮ್ಮಿನ ಮರೆಯಲ್ಲಿ. ಜಗತ್ ಸರ್ಕಲ್ ಹತ್ತಿರದ ಫಂಕ್ಷನ್ ಹಾಲೊಂದರಲ್ಲಿ ಒಮ್ಮೆ ಎಷ್ಟು ಜಾಣತನದಿಂದ ಇಟ್ಟಿದ್ದೆನೆಂದರೆ, ಊಟ ಮುಗಿಸಿ ಬಂದಾಗ ಎರಡನೆಯದು ಎಲ್ಲಿದೆ ಎಂದು ನನಗೇ ನೆನಪಾಗಲಿಲ್ಲ. ಬೀಗರೆಲ್ಲ ಹೊರಟುಹೋಗಿ, ಶಾಮಿಯಾನ ಬಿಚ್ಚುವವರು ಬಂದು, ಒಬ್ಬಾತ ‘ಏನ್ರೀ ಸಾಬ್, ಏನು ಹುಡ್ಕಾಕತ್ತೀರಿ?’ ಎಂದು ಅನುಮಾನದಿಂದ ಕೇಳಿದ. ಕಳ್ಳನಿಗೆ ಆಗಬೇಕಾದ ತೊಂದರೆಯನ್ನೆಲ್ಲ ನಾನೇ ಅನುಭವಿಸುತ್ತಿದ್ದೇನೆ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಚಪ್ಪಲಿ ಕಳವಾಗಿಲ್ಲವಲ್ಲ, ಆದ್ದರಿಂದ ಉಪಾಯ ಫಲಿಸಿದೆ ಎಂದೇ ತೀರ್ಮಾನಿಸಿದೆ.

ಜಪಾನಿಗೆ ಹೋಗಬೇಕೆಂಬುದು ನನ್ನ ಆಸೆಯಾಗಿರಲಿಲ್ಲ. ಮಹಾದೇವಿಯದೂ ಅಲ್ಲ. ಅದು ಕಮಲಾಪುರದ ಗೌತಮಿಬಾಯಿ ಟೀಚರ್ ಅವರದು. ಮಹಾದೇವಿ ಅಲ್ಲಿನ ಶಾಲೆಯಲ್ಲಿ ಪಾಠ ಹೇಳಲು ವರ್ಷಗಟ್ಟಲೆ ಕಲಬುರಗಿಯಿಂದ ಬಸ್ಸಿನಲ್ಲಿ ಓಡಾಡಿದವಳು. ಟೀಚರ್ ಅದೇ ಊರಿನವರು, ಅದೇ ಶಾಲೆಯವರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಟೀಚರ್ ಮನೆಯ ಗೋಡೆಯ ಮೇಲೆ, ಯಾವ ಕಾಲದಲ್ಲೋ ಜಗತ್ ಸರ್ಕಲ್ಲಿನ ಬಟ್ಟೆ ಅಂಗಡಿಯೊಂದು ಹಂಚಿದ ಕ್ಯಾಲೆಂಡರ್ ಇದೆ. ಅದರ ತಿಂಗಳುಗಳು ಹರಿದುಹೋಗಿವೆ, ಚಿತ್ರ ಉಳಿದಿದೆ. ಜಪಾನಿನ ನಾರಾ ಎಂಬ ಊರಿನಲ್ಲಿ ಕೂತಿರುವ ಮಹಾಬುದ್ಧನ ಚಿತ್ರ. ಕಂಚಿನ ದೊಡ್ಡ ಮೂರ್ತಿ, ಬಲಗೈ ಎತ್ತಿ ಅಂಗೈ ತೋರಿಸುತ್ತಿದೆ. ಟೀಚರ್ ಅವರ ತಾಯಿ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ವಂದನೆ ಹೇಳಿದ ಮೇಲೆಯೇ ಹೊಲದ ಕೂಲಿಗೆ ಹೊರಡುತ್ತಿದ್ದರಂತೆ. ಕಲಬುರಗಿಯಿಂದ ಆಚೆ ಹೋದವರಲ್ಲ. ‘ಈ ಬುದ್ಧ ಯಾವೂರಾಗ ಕುಂತಾನ?’ ಎಂದು ಮಗಳನ್ನು ಕೇಳಿದ್ದರು. ಜಪಾನ್ ಎಂದಾಗ, ‘ಅಲ್ಲಿಗಿ ಬಸ್ ಎಷ್ಟೊತ್ತಿಗದ?’ ಎಂದಿದ್ದರು. ಎತ್ತಿದ ಕೈಗೆ ಅವರದೇ ಅರ್ಥವಿತ್ತು: ‘ತಡಿ, ಗಡಬಡಿ ಮಾಡಬ್ಯಾಡ ಅನ್ನಾಕತ್ತಾನ ನೋಡು.’

ತಾಯಿ ತೀರಿಕೊಂಡರು, ಟೀಚರ್ ನಿವೃತ್ತರಾದರು. ಆ ಬುದ್ಧನ ಮುಂದೆ ನಿಂತು ಅವ್ವ ಹೇಳುತ್ತಿದ್ದ ವಂದನೆಯನ್ನು ಒಮ್ಮೆ ಹೇಳಬೇಕು ಎಂಬ ಆಸೆ ಮಾತ್ರ ನಿವೃತ್ತವಾಗಲಿಲ್ಲ. ನಮ್ಮೂರಿನ ಮಲ್ಲಿನಾಥ ಎಂಬ ಟೂರ್ ಮ್ಯಾನೇಜರ್ ಜಪಾನಿಗೆ ಒಂದು ಬಸ್ಸಿನಷ್ಟು ಜನರನ್ನು ಕರೆದೊಯ್ಯುತ್ತಿದ್ದಾನೆಂದು ತಿಳಿದಾಗ ಅವರು ಮಹಾದೇವಿಗೆ ಫೋನ್ ಮಾಡಿ, ‘ಒಬ್ಬಾಕಿನs ಹೋಗಾಕ ಅಂಜಿಕಿ ಬರ್ತದ, ನೀನೂ ಬಾ’ ಎಂದರು. ಮಹಾದೇವಿ ಹೂಂ ಎಂದಳು. ನನ್ನನ್ನು ಲಗೇಜಿನ ಲೆಕ್ಕದಲ್ಲಿ ಸೇರಿಸಿಕೊಂಡರು. ಹೊರಡುವಾಗ ಟೀಚರ್ ಬುದ್ಧನಿಗೆಂದು ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕಟ್ಟಿಕೊಂಡಿದ್ದರು. ಹಣ್ಣು ಒಯ್ಯುವ ಹಾಗಿಲ್ಲ ಎಂದು ಮಲ್ಲಿನಾಥ ಹೇಳಿದಾಗ, ‘ನಮ್ಮ ಬಾಳೆಹಣ್ಣು ತಿನ್ನದs ಅಷ್ಟು ದೊಡ್ಡಾವ ಆಗ್ಯಾನಲ್ಲ, ಇರ್ಲಿ ಬಿಡು’ ಎಂದು ಅದನ್ನು ನೆರೆಮನೆಗೆ ಕೊಟ್ಟು, ಬದಲಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ತುಂಬಿಕೊಂಡರು. ನಾನು ಈ ಪ್ರವಾಸಕ್ಕೆಂದೇ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಜೊತೆ ಕಂದು ಬೂಟು ಕೊಂಡೆ.

ಆ ಮಂಗಳವಾರ ನಮ್ಮದು ಒಂದು ದಿನದ ಗೈಡ್ ಸಹಿತ ಪ್ರವಾಸ. ಬೆಳಿಗ್ಗೆ ಕ್ಯೋಟೋದ ಚಿನ್ನದ ಮಂದಿರ, ಆಮೇಲೆ ಕೆಂಪು ಕಮಾನುಗಳು ಸಾಲಾಗಿ ಬೆಟ್ಟ ಹತ್ತುವ ಇನಾರಿ ದೇವರ ಸ್ಥಾನ, ಊಟವಾದ ಮೇಲೆ ನಾನು ಹೆಸರು ಹೇಳದ ಆ ಹಳೆಯ ಮಂದಿರ, ಕೊನೆಗೆ ನಾರಾದ ಮಹಾಬುದ್ಧ. ಗೈಡ್ ಹೆಸರು ಮಿಚಿಕೋ. ಕೈಯಲ್ಲಿ ಪುಟ್ಟ ಹಳದಿ ಬಾವುಟ, ನಿಧಾನವಾದ ಇಂಗ್ಲಿಷ್, ಎಲ್ಲದಕ್ಕೂ ಬಾಗಿ ನಮಸ್ಕಾರ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಲ್ಲಿನಾಥ ಮೈಕಿನಲ್ಲಿ ನಮ್ಮ ಕನ್ನಡಕ್ಕೆ ಇಳಿಸುತ್ತಿದ್ದ. ‘ಅಣ್ಣಾರ, ಅಕ್ಕಾರ, ನಾರಾದಾಗ ಬುದ್ಧನ ಗುಡಿ ಐದಕ್ಕ ಬಂದ್. ಇಲ್ಲಿ ಐದು ಅಂದ್ರ ಐದs. ನಮ್ಮ ಐದಲ್ಲ.’ ನಾಳೆ ಬೆಳಿಗ್ಗೆ ಬೇರೆ ಊರು, ನಾಡಿದ್ದು ವಿಮಾನ. ನಾರಾಕ್ಕೆ ಇದೇ ಒಂದು ಸಂಜೆ. ಟೀಚರ್ ಬೆಳಗಿನಿಂದ ಚಿನ್ನವನ್ನೂ ಕಮಾನುಗಳನ್ನೂ ನೋಡಿ ‘ಛಲೋ ಅವ’ ಎಂದಷ್ಟೇ ಹೇಳಿ, ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ‘ಉಳಿದದ್ದೆಲ್ಲಾ ನೋಡಿದರ ನೋಡಿದೆ, ಬಿಟ್ಟರ ಬಿಟ್ಟೆ ಮಾದೇವಿ. ಅವ್ವನ ಬುದ್ಧನ ಮುಂದ ಒಂದ ಸಲ ನಿಂತ್ರ ಮುಗೀತು’ ಎಂದು ಮಹಾದೇವಿಗೆ ಹೇಳುತ್ತಿದ್ದುದು ಹಿಂದಿನ ಸೀಟಿನಲ್ಲಿದ್ದ ನನಗೆ ಕೇಳಿಸಿತು.

ಹಳೆಯ ಮಂದಿರದಲ್ಲಿ ಒಳಗೆ ಹೋಗುವ ಮುನ್ನ ಬೂಟು ಬಿಚ್ಚಬೇಕಿತ್ತು. ಬಾಗಿಲ ಬಳಿ ಉದ್ದಕ್ಕೂ ಮರದ ಗೂಡುಗಳು. ಬೀಗವಿಲ್ಲ, ಟೋಕನ್ನಿಲ್ಲ, ಕಾಯುವವರೂ ಇಲ್ಲ. ಸ್ವಲ್ಪ ದೂರದಲ್ಲಿ ವಯಸ್ಸಾದ ಹೆಂಗಸೊಬ್ಬರು ಎಲೆ ಗುಡಿಸುತ್ತಿದ್ದರು, ಅಷ್ಟೇ. ನಮ್ಮವರೆಲ್ಲ ಬೂಟುಗಳನ್ನು ಗೂಡಿನಲ್ಲಿಟ್ಟು ಒಳಗೆ ಹೋದರು. ನನ್ನ ಬೂಟು ಹೊಸದು. ಗೂಡು ತೆರೆದದ್ದು. ಮಾವನ ಮಾತು ನೆನಪಾಯಿತು. ಎಡಗಾಲಿನದನ್ನು ಮೊದಲ ಗೂಡಿನ ಮೇಲಿನ ಹಲಗೆಯಲ್ಲಿಟ್ಟೆ. ಬಲಗಾಲಿನದನ್ನು ಎತ್ತಿಕೊಂಡು ಕೊನೆಯವರೆಗೆ ನಡೆದುಹೋಗಿ, ಕೊಡೆ ಇಡುವ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಗೋಡೆಗೆ ಒರಗಿಸಿದೆ. ಜಪಾನಿನಲ್ಲಿ ಕಳ್ಳತನ ಕಡಿಮೆ ಎಂದು ನಾನೂ ಓದಿದ್ದೆ. ಆದರೆ ಅದನ್ನು ಬರೆದವರು ಬೂಟನ್ನು ಕೂಡಿಸಿ ಇಟ್ಟು ಪರೀಕ್ಷೆ ಮಾಡಿದ್ದರೆಂದು ಎಲ್ಲೂ ಓದಿರಲಿಲ್ಲ.

ಹೊರಗೆ ಬಂದಾಗ ಏನಾಗಿತ್ತೆಂಬುದನ್ನು ಆಗಲೇ ಹೇಳಿದ್ದೇನೆ. ಕೊಡೆ ಸ್ಟ್ಯಾಂಡಿನ ಪಕ್ಕ ನೆಲ ಚೊಕ್ಕಟವಾಗಿತ್ತು. ‘ಕಳವಾಗ್ಯಾದ’ ಎಂದೆ. ಎಷ್ಟೋ ವರದಿಗಾರರ ಪ್ರತಿಯಲ್ಲಿ ಈ ಪದದ ಕೆಳಗೆ ಗೆರೆ ಎಳೆದು ‘ನೀವು ಕಂಡಿರಾ?’ ಎಂದು ಬರೆದ ನಾನು, ಎರಡನೆಯ ಯೋಚನೆಯಿಲ್ಲದೆ ಗಟ್ಟಿಯಾಗಿ, ಸ್ವಲ್ಪ ಸಂತೋಷದಿಂದಲೇ, ಅದನ್ನು ಹೇಳಿದೆ. ಜಗತ್ತೆಲ್ಲ ಒಂದೇ, ಕಲಬುರಗಿಯನ್ನಷ್ಟೇ ಬೈಯುವುದು ಸರಿಯಲ್ಲ ಎಂದು ಬಸ್ಸಿನವರಿಗೆ ವಿವರಿಸಲು ಕೂಡ ಶುರುಮಾಡಿದೆ. ಮಿಚಿಕೋ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಗೈಡ್ ಆಗಿದ್ದೇನೆ, ಹೀಗೆ ಆಗಿರಲಿಲ್ಲ ಎಂದು ಬಾಗಿದಳು. ನಾನೂ ಬಾಗಿದೆ. ಅವಳು ಇನ್ನೂ ಕೆಳಗೆ ಬಾಗಿದಳು. ನನ್ನ ಕಾಲಲ್ಲಿ ಬರೀ ಕಾಲುಚೀಲ, ಕೈಯಲ್ಲಿ ಒಂಟಿ ಬೂಟು. ಕೆಳಗಿಂದ ತಣ್ಣಗೆ ಕೊರೆಯುತ್ತಿತ್ತು.

ಬಸ್ಸಿನವರೆಲ್ಲ ಹುಡುಕಲು ತೊಡಗಿದರು. ಗೂಡುಗಳನ್ನು ಒಂದೊಂದಾಗಿ ನೋಡಿದರು. ಮಿಚಿಕೋಗೆ ಮಾತ್ರ ಒಂದು ವಿಷಯ ಬಗೆಹರಿಯುತ್ತಿರಲಿಲ್ಲ. ಕಳ್ಳ ಎರಡನ್ನೂ ಒಯ್ಯದೆ ಒಂದನ್ನೇ ಯಾಕೆ ಒಯ್ದ? ಎರಡನ್ನೂ ಒಂದೇ ಗೂಡಿನಲ್ಲಿ ಇಟ್ಟಿದ್ದಿರಲ್ಲವೇ? ನಾನು ‘ಸುಮಾರಾಗಿ’ ಎಂದೆ. ಅವಳು ಮಂದಿರದ ಒಳಗೆ ಓಡಿದಳು, ಕಚೇರಿಗೆ ಓಡಿದಳು, ಹಿಂಬಾಗಿಲಿಗೆ ಓಡಿದಳು. ಮಲ್ಲಿನಾಥ ಗಡಿಯಾರ ನೋಡಿದ. ಗೌತಮಿಬಾಯಿ ಟೀಚರ್ ಕಲ್ಲಿನ ಬೆಂಚಿನ ಮೇಲೆ ಕೈಚೀಲ ಹಿಡಿದು ಕೂತು, ಅಂಗಳದಲ್ಲಿ ಉದ್ದವಾಗುತ್ತಿದ್ದ ಮರದ ನೆರಳನ್ನು ನೋಡುತ್ತಿದ್ದರು. ಮಹಾದೇವಿ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡನನ್ನು ಹೆಂಡತಿ ಹಾಗೆ ನೋಡಿದರೆ ಪೊಲೀಸರ ಅಗತ್ಯ ಬೀಳುವುದಿಲ್ಲ.

‘ಏನ್ರೀ, ಖರೇ ಹೇಳ್ರಿ. ಎಡಾ ಬಲಾ ಬ್ಯಾರೆ ಬ್ಯಾರೆ ಇಟ್ಟೀರಿಲ್ಲೋ?’

‘ಸ್ವಲ್ಪ ಅಂತರ ಇತ್ತು.’

‘ಎಷ್ಟು ಅಂತರ? ಕಲಬುರಗಿ-ಕಮಲಾಪುರದಷ್ಟೋ?’

ಮಲ್ಲಿನಾಥ ಹಣೆಗೆ ಕೈ ಹಚ್ಚಿಕೊಂಡ. ‘ಸರ್! ಜಪಾನಿಗಿ ಬಂದೂ ಇದೇ ಮಾಡೀರೇನ್ರಿ? ಈಗ ಇದನ್ನ ಆ ಮಿಚಿಕೋ ಬಾಯಿಗಿ ನಾ ಹ್ಯಾಂಗ ಹೇಳ್ಲಿ? ಮರ್ಯಾದಿ ನಿಮ್ಮದಷ್ಟ ಹೋದ್ರ ನಡೀತದ. ಇಡೀ ಜಿಲ್ಲಾದ್ದು ಹೋಗ್ತದ.’

ಜಿಲ್ಲೆಯ ಮರ್ಯಾದೆಗೆ ಅವನನ್ನು ಹೊಣೆ ಮಾಡುವುದು ಸರಿಯಲ್ಲವೆಂದು ನಾನೇ ಮುಂದೆ ಬಂದು ಇಂಗ್ಲಿಷಿನಲ್ಲಿ ವಿವರಿಸಿದೆ. ನಮ್ಮಲ್ಲಿ ಬೂಟುಗಳನ್ನು ದೂರದೂರ ಇಡುವ ಪದ್ಧತಿಯಿದೆ ಎಂದೆ. ಧಾರ್ಮಿಕ ಕಾರಣವೇ ಎಂದು ಮಿಚಿಕೋ ಗೌರವದಿಂದ ಕೇಳಿದಳು. ಹೂಂ ಎಂದುಬಿಡುವ ಆಸೆಯಾಯಿತು. ಮಹಾದೇವಿ ಪಕ್ಕದಲ್ಲೇ ನಿಂತಿದ್ದಳು. ಅಲ್ಲ, ಕಳ್ಳ ಒಯ್ಯಬಾರದೆಂದು, ಎಂದೆ. ಹಾಗಾದರೆ ಕಳ್ಳ ಎರಡನ್ನೂ ಹುಡುಕಿಕೊಳ್ಳುವುದಿಲ್ಲವೇ ಎಂದಳು ಮಿಚಿಕೋ. ಅಷ್ಟು ಪುರುಸೊತ್ತು ಇರುವವನು ಕಳ್ಳನಾಗುವುದಿಲ್ಲ ಎಂದು ಹೇಳಬೇಕೆನ್ನಿಸಿತು, ಇಂಗ್ಲಿಷ್ ಸಾಲದಾಯಿತು. ಅವಳು ಎಲೆ ಗುಡಿಸುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ಇದನ್ನೆಲ್ಲ ಜಪಾನಿ ಭಾಷೆಯಲ್ಲಿ ಹೇಳಿದಳು. ಆ ಅಜ್ಜಿ ಕೈಯಲ್ಲಿದ್ದ ಕಸಬರಿಗೆಯನ್ನು ಬಿಟ್ಟು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು.

ಆದದ್ದು ಇದು. ಗುಡಿಸುತ್ತ ಬಂದ ಅಜ್ಜಿಗೆ ಕೊಡೆಗಳ ಪಕ್ಕ ನೆಲದ ಮೇಲೆ ಒಂಟಿ ಬೂಟು ಕಂಡಿತು. ಯಾರೋ ಪಾಪ, ಕಣ್ಣು ಸರಿಯಾಗಿ ಕಾಣದ ಮುದುಕರು, ಒಂದು ಕಾಲಿಗೆ ಬೂಟಿಲ್ಲದೆ ಈ ಚಳಿಯಲ್ಲಿ ಹೊರಟುಹೋಗಿದ್ದಾರೆ ಎಂದು ಅವರಿಗೆ ಸಂಕಟವಾಯಿತು. ಬೂಟನ್ನು ಎತ್ತಿಕೊಂಡು ಬಸ್ ಸ್ಟಾಪಿನವರೆಗೆ ಓಡಿದರು. ಅಲ್ಲಿ ನಿಂತವರ ಕಾಲುಗಳನ್ನೆಲ್ಲ ನೋಡಿದರು. ಯಾರದೂ ಅಲ್ಲವೆಂದಾದಾಗ ಮೂಲೆಯ ಪೊಲೀಸ್ ಚೌಕಿಯಲ್ಲಿ ಒಪ್ಪಿಸಿ ಬಂದರು. ಒಂಟಿ ಬೂಟನ್ನು ಯಾರೂ ಮುಟ್ಟುವುದಿಲ್ಲ ಎಂಬ ನನ್ನ ಇಷ್ಟು ವರ್ಷಗಳ ನಂಬಿಕೆಯಲ್ಲಿ ಕಳ್ಳರಿಗೆ ಮಾತ್ರ ಜಾಗವಿತ್ತು. ಒಳ್ಳೆಯವರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಚೌಕಿಗೆ ಹೋಗಿ, ಗುರುತು ಹೇಳಿ, ಬರೆದುಕೊಟ್ಟು ಬೂಟು ಬಿಡಿಸಿಕೊಳ್ಳಬಹುದು, ಆದರೆ ಹೊತ್ತಾಗುತ್ತದೆ ಎಂದಳು ಮಿಚಿಕೋ. ಎಷ್ಟು ಹೊತ್ತು ಎಂದು ಮಲ್ಲಿನಾಥ ಕೇಳಲಿಲ್ಲ, ನಾರಾ ತಪ್ಪುತ್ತದೆ ಎಂಬುದು ಅವಳ ಮುಖದಲ್ಲೇ ಇತ್ತು. ಬಸ್ಸಿನವರೆಲ್ಲ ನನ್ನ ಕಾಲುಚೀಲ ನೋಡುತ್ತ ನಿಂತರು. ಆಗ ಟೀಚರ್ ಬೆಂಚಿನಿಂದ ಎದ್ದು ಬಂದರು. ‘ಹೋಗಿ ಬೂಟ ತಗೊಂಡು ಬರ್ರಿ ಸಾಹೇಬ್ರ. ಈ ಥಂಡ್ಯಾಗ ಬರಿಗಾಲಲೆ ಹ್ಯಾಂಗ ಅಡ್ಡಾಡ್ತೀರಿ? ಬುದ್ಧ ಎಲ್ಲಿ ಹೋಗ್ತಾನ, ಕುಂತಾನ. ನಾ ಮುಂದಿನ ಸಲ ಬಂದಾಗ ನೋಡ್ತೀನಿ.’ ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ಚೌಕಿಗೆ ಹೋಗಿಬಿಡುತ್ತಿದ್ದೆನೇನೋ. ಮೊಣಕಾಲು ನೋವಿಗೆ ಪಟ್ಟಿ ಕಟ್ಟಿಕೊಂಡು, ಜೀವಮಾನದಲ್ಲಿ ಒಮ್ಮೆ ವಿಮಾನ ಹತ್ತಿದ ಹೆಂಗಸು ನನ್ನ ಬೂಟಿಗಾಗಿ ‘ಮುಂದಿನ ಸಲ’ ಎನ್ನುತ್ತಿದ್ದರು. ‘ಬೂಟಿನ ಮನಿ ಹಾಳಾಗ್ಲಿ, ನಡೀರಿ ನಾರಾಕ್ಕ’ ಎಂದೆ. ಅಜ್ಜಿ ಒಳಗೆ ಓಡಿ ಹೋಗಿ, ಮಂದಿರದಲ್ಲಿ ಹಾಕಿಕೊಳ್ಳುವ ಒಂದು ಜೊತೆ ಕಂದು ಸ್ಲಿಪ್ಪರ್ ತಂದು ನನ್ನ ಮುಂದಿಟ್ಟು ನೆಲಕ್ಕೆ ಬಾಗಿದರು. ನನ್ನ ಹಿಮ್ಮಡಿ ಅವುಗಳಿಂದ ಹೊರಗೇ ಉಳಿಯಿತು. ಬೂಟನ್ನು ಆಮೇಲೆ ತಾನೇ ಬಿಡಿಸಿ ಕಳಿಸುವುದಾಗಿ ಮಿಚಿಕೋ ವಿಳಾಸ ತೆಗೆದುಕೊಂಡಳು.

ನಾರಾದ ಉದ್ಯಾನದಲ್ಲಿ ಜಿಂಕೆಗಳು ಬಿಡಾಡಿಯಾಗಿ ತಿರುಗುತ್ತವೆ, ಬಿಸ್ಕತ್ತಿಗಾಗಿ ಜನರಿಗೆ ತಲೆಬಾಗುತ್ತವೆ ಎಂದು ಕರಪತ್ರದಲ್ಲಿತ್ತು. ನಿಜ. ಕರಪತ್ರವನ್ನೂ ತಿನ್ನುತ್ತವೆ ಎಂಬುದು ಅದರಲ್ಲಿರಲಿಲ್ಲ. ಎಲ್ಲರೂ ಓಡುತ್ತಿದ್ದರು. ಮುಂದೆ ಹಳದಿ ಬಾವುಟ, ಅದರ ಹಿಂದೆ ಮಲ್ಲಿನಾಥ, ಆಮೇಲೆ ಮಹಾದೇವಿಯ ತೋಳು ಹಿಡಿದು ಮೊಣಕಾಲು ಎಳೆಯುತ್ತ ಟೀಚರ್. ಹಿಂದೆ ಸ್ಲಿಪ್ಪರ್ ಕಳಚದಂತೆ ಬೆರಳು ಬಿಗಿಹಿಡಿದು ನಾನು, ನನ್ನ ಹಿಂದೆ ಕರಪತ್ರದ ಉಳಿದ ಪುಟಗಳಿಗಾಗಿ ಒಂದು ಜಿಂಕೆ. ಟಿಕೆಟ್ ಕಿಟಕಿ ಮುಚ್ಚುವ ಮೊದಲು ಒಳಗೆ ಹೋದೆವು. ಅಂಗಳ ದಾಟಿ, ಮರದ ಆ ಮಹಾಮಂದಿರದ ಮೆಟ್ಟಿಲ ಬಳಿ ಬಂದಾಗ ಟೀಚರ್ ತಟ್ಟನೆ ನಿಂತರು.

‘ಚಪ್ಪಲಿ ಎಲ್ಲಿ ಬಿಡೋದು?’

ಇಲ್ಲಿ ಬಿಡಬೇಕಾಗಿಲ್ಲ, ಹಾಕಿಕೊಂಡೇ ಹೋಗಬಹುದು ಎಂದಳು ಮಿಚಿಕೋ. ಟೀಚರ್ ತಲೆ ಅಲ್ಲಾಡಿಸಿದರು. ‘ಅವ್ವ ಕ್ಯಾಲೆಂಡರ್ ಮುಂದs ಚಪ್ಪಲಿ ಹಾಕ್ಕೊಂಡು ನಿಂತಾಕಿ ಅಲ್ಲ. ನಾ ಸಾಕ್ಷಾತ್ ಇವನ ಮುಂದ ಹ್ಯಾಂಗ ನಿಲ್ಲಲಿ?’ ಬಿಚ್ಚಿಯೇ ಬಿಟ್ಟರು. ಆದರೆ ಇಡಲು ಗೂಡಿಲ್ಲ. ಯಾರೂ ಬಿಚ್ಚದ ಕಡೆ ಗೂಡು ಯಾಕಿರುತ್ತದೆ? ಮೆಟ್ಟಿಲ ಪಕ್ಕ ಬಿಟ್ಟುಹೋದರೆ, ಯಾರೋ ಪುಣ್ಯಾತ್ಮರು ನೋಡಿ, ಪಾಪ ಯಾರದೋ ಎಂದು ಮರುಗಿ, ಎತ್ತಿಕೊಂಡು ಚೌಕಿಗೆ ಓಡುವುದರಲ್ಲಿ ನಮಗೆ ಯಾರಿಗೂ ಅನುಮಾನ ಉಳಿದಿರಲಿಲ್ಲ. ಮಹಾದೇವಿ ನನ್ನತ್ತ ತಿರುಗಿದಳು. ಬಾಯಿ ತೆರೆಯುವ ಮೊದಲೇ, ‘ಹೋಗ್ರಿ, ನಾ ಕಾಯ್ತೀನಿ’ ಎಂದೆ.

ಟೀಚರ್ ಬಿಚ್ಚಿದ್ದನ್ನು ನೋಡಿ ಮಹಾದೇವಿಯೂ ಬಿಚ್ಚಿದಳು. ಅವಳನ್ನು ನೋಡಿ ಬಸ್ಸಿನವರೆಲ್ಲ ಬಿಚ್ಚಿದರು. ಹೀಗೆ ನಾನು ಸಮುದ್ರ ದಾಟಿ, ಲೋಕಪ್ರಸಿದ್ಧವಾದ ಮಹಾಬುದ್ಧನ ಬಾಗಿಲವರೆಗೆ ಹೋಗಿ, ಮೆಟ್ಟಿಲ ಬದಿಯ ಕಲ್ಲಿನ ಮೇಲೆ ಚಪ್ಪಲಿ ಕಾಯುತ್ತ ಕೂತೆ. ನಮ್ಮೂರ ಗುಡಿಗಳಲ್ಲಿ ಮನೆಯವರೆಲ್ಲ ಒಳಗೆ ಹೋದಾಗ ಒಬ್ಬ ಗಂಡಸು ಹೊರಗೆ ಕೂತಿರುತ್ತಾನಲ್ಲ, ಹಾಗೆಯೇ. ವ್ಯತ್ಯಾಸ ಒಂದೇ: ಅಲ್ಲಿ ಕಳ್ಳರಿಂದ ಕಾಯುವುದು, ಇಲ್ಲಿ ಸಜ್ಜನರಿಂದ. ಮತ್ತು ಇದು ಅಲ್ಲಿಗಿಂತ ಕಷ್ಟ. ಸಮವಸ್ತ್ರ ತೊಟ್ಟ ಇಬ್ಬರು ಶಾಲಾ ಹುಡುಗಿಯರು ರಾಶಿಯನ್ನು ನೋಡಿ ಏನಾದರೂ ಸಹಾಯ ಬೇಕೇ ಎಂದು ಸನ್ನೆಯಲ್ಲಿ ಕೇಳಿದರು. ಕಾವಲಿನವನೊಬ್ಬ ಬಂದು ಬಾಗಿದ, ನಾನೂ ಕೂತಲ್ಲಿಂದಲೇ ಬಾಗಿದೆ, ಅವನು ಒಂದು ಸ್ಯಾಂಡಲ್ಲನ್ನು ಅದರ ಜೊತೆಯದರ ಪಕ್ಕ ನೇರವಾಗಿ ಜೋಡಿಸಿಟ್ಟು ಹೋದ. ಎತ್ತರದ ಬಿಳಿಯ ಪ್ರವಾಸಿಯೊಬ್ಬ ನನ್ನನ್ನೂ ನನ್ನ ಸ್ಲಿಪ್ಪರನ್ನೂ ಚಪ್ಪಲಿಗಳನ್ನೂ ನೋಡಿ, ಇದೇ ಇಲ್ಲಿನ ನಿಯಮವಿರಬೇಕೆಂದು ತನ್ನ ಭಾರೀ ಬೂಟುಗಳನ್ನು ಬಿಚ್ಚಿ ನನ್ನ ಮುಂದಿಟ್ಟು ಕೈಮುಗಿದು ಒಳಗೆ ಹೋದ. ಅವನ ಹಿಂದೆ ಬಂದ ಹೆಂಡತಿಯೂ ಇಟ್ಟಳು. ನಾನು ತಡೆಯಲಿಲ್ಲ. ಆ ಹೊತ್ತಿಗೆ ಎಲ್ಲ ಜೋಡಿಗಳನ್ನೂ ಸಾಲಾಗಿ, ತುದಿ ಹೊರಮುಖವಾಗಿ ಇಡುವುದರಲ್ಲಿ ನನಗೆ ಒಂದು ಬಗೆಯ ಆಸಕ್ತಿ ಹುಟ್ಟಿತ್ತು.

ಕೂತಲ್ಲಿಂದ ಮೂರ್ತಿ ಕಾಣುತ್ತಿರಲಿಲ್ಲ; ಒಂದು ದಪ್ಪ ಮರದ ಕಂಬ ಅಡ್ಡವಿತ್ತು. ಆದ್ದರಿಂದ ಒಳಗೆ ಏನಾಯಿತೆಂಬುದು ಮಹಾದೇವಿಯ ಹೇಳಿಕೆ. ಟೀಚರ್ ಬುದ್ಧನ ಮುಂದೆ ಕಣ್ಣು ಮುಚ್ಚಿ ಕೈಮುಗಿದು, ಅವ್ವನ ವಂದನೆಯನ್ನು ಅವ್ವನ ರಾಗದಲ್ಲೇ, ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ ಪೂರ್ತಿ ಹೇಳಿದರಂತೆ. ಮುಚ್ಚುವ ಹೊತ್ತಾಯಿತೆಂದು ಹೇಳಲು ಬಂದ ಸಿಬ್ಬಂದಿಯವನು ಮುಗಿಯುವವರೆಗೆ ತಲೆತಗ್ಗಿಸಿ ನಿಂತನಂತೆ. ಟೀಚರ್ ಹೊರಗೆ ಬಂದಾಗ ಮೂಗು ಕೆಂಪಾಗಿತ್ತು, ಚಳಿಯಿಂದ ಎಂದರು.

‘ಹ್ಯಾಂಗ ಅದಾನ್ರೀ ಟೀಚರ್?’ ಎಂದು ಕೇಳಿದೆ.

‘ಕ್ಯಾಲೆಂಡರ್‌ದಾಗ ಇದ್ದಂಗ ಅದಾನ್ರಿ’ ಎಂದರು. ಚಪ್ಪಲಿಗೆ ಕಾಲು ತೂರಿಸುತ್ತ, ‘ಸ್ವಲ್ಪ ದೊಡ್ಡಾವ’ ಎಂದು ಸೇರಿಸಿದರು. ನಮ್ಮ ಡೆಸ್ಕಿನಲ್ಲಿ ಕೂತಿದ್ದರೆ ಇಂಥವರ ಪ್ರತಿಯನ್ನು ತಿದ್ದಬೇಕಾಗುತ್ತಲೇ ಇರಲಿಲ್ಲ. ಹಿಂದೆಯೇ ಬಂದ ಬಿಳಿಯ ಪ್ರವಾಸಿ ಬೂಟು ಹಾಕಿಕೊಂಡು, ಒಂದು ನಾಣ್ಯವನ್ನು ನನ್ನ ಪಕ್ಕದ ಕಲ್ಲಿನ ಮೇಲಿಟ್ಟು ಹೋದ. ಅದನ್ನು ಕಾಣಿಕೆ ಡಬ್ಬಿಗೆ ಹಾಕಲಾಗಿದೆ.

ಊರಿಗೆ ಬಂದ ಮೇಲೆ ಕಚೇರಿಯಲ್ಲಿ ಎಲ್ಲರೂ ಬುದ್ಧ ಹೇಗಿದ್ದಾನೆಂದು ಕೇಳಿದರು. ದೊಡ್ಡವನಿದ್ದಾನೆ ಎಂದು ತಿಳಿದುಬಂದಿದೆ ಎಂದೆ. ಸಂಕ್ರಾಂತಿ ಕಳೆದ ಮೇಲೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಬಲಗಾಲಿನ ಬೂಟು ಒಳಗಿತ್ತು. ಆಕಾರ ಕೆಡದಂತೆ ಹೊಟ್ಟೆಗೆ ಮೃದುವಾದ ಕಾಗದ ತುಂಬಿದ್ದರು. ಯಾರೋ ಅದನ್ನು ಉಜ್ಜಿ ಹೊಳಪು ಕೊಟ್ಟಿದ್ದರು. ಮನೆಯಲ್ಲೇ ಇದ್ದ ಎಡಗಾಲಿನದು ಅದರ ಪಕ್ಕದಲ್ಲಿ ಬಡವರ ಮನೆಯ ತಮ್ಮನಂತೆ ಕಾಣುತ್ತಿತ್ತು. ಅದಕ್ಕೂ ಪಾಲಿಶ್ ಹಚ್ಚಿದೆ. ‘ಇನ್ನ ಮ್ಯಾಲ ಕೂಡಿಸಿ ಇಡ್ತೀರೋ, ಮತ್ತ ಹೂಕುಂಡ ಹುಡುಕ್ತೀರೋ?’ ಎಂದಳು ಮಹಾದೇವಿ. ಮೆಟ್ಟಿಲ ಬಳಿ ಕೂತು ಅಷ್ಟೊಂದು ಜೋಡಿ ಜೋಡಿಸಿದ ಮೇಲೆ ಒಂದನ್ನು ಬೇರೆ ಮಾಡಲು ಕೈ ಬರುವುದಿಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಮುಂದಿನ ವಾರ ಗೌತಮಿಬಾಯಿ ಟೀಚರ್ ಫೋನ್ ಬಂತು. ‘ಸಾಹೇಬ್ರ, ನಾರಾದಾಗ ತೆಗ್ಸಿದ ಫೋಟೋಕ್ಕ ಚೌಕಟ್ಟು ಹಾಕ್ಸೀನಿ. ನೀವು ಇನ್ನಾ ಬುದ್ಧನ್ನ ನೋಡಿಲ್ಲ. ಐತಾರ ಊಟಕ್ಕ ಬರ್ರಿ.’ ಭಾನುವಾರ ಹೊಳೆಯುವ ಬೂಟು ತೊಟ್ಟು ಮಹಾದೇವಿಯೊಂದಿಗೆ ಕಮಲಾಪುರದ ಬಸ್ ಹತ್ತಿದೆ. ಮನೆಯ ಬಾಗಿಲಲ್ಲೇ ಟೀಚರ್ ಎಚ್ಚರಿಸಿದರು: ‘ಬೂಟ ಒಳಗ ತರ್ರಿ. ಬಾಜೂ ಮನಿಯವರು ನಾಯಿಮರಿ ಸಾಕ್ಯಾರ, ಭಾಳ ಕಿತಾಪತಿ ಅದ.’ ನಾನು ಕೇಳಲಿಲ್ಲ. ಬುದ್ಧ ಇರುವ ಕೋಣೆಗೆ ಬೂಟು ತರುವುದೇ, ಎಂದು ಅವರ ಮಾತನ್ನೇ ಅವರಿಗೆ ಹೇಳಿ, ಹೊಸ್ತಿಲ ಹೊರಗೆ ಎರಡನ್ನೂ ಅಕ್ಕಪಕ್ಕ, ತುದಿ ಹೊರಮುಖವಾಗಿ, ನಾರಾದಲ್ಲಿ ಇಟ್ಟಂತೆ ಜೋಡಿಸಿಟ್ಟೆ. ಟೀಚರ್ ಅದನ್ನು ನೋಡಿ ನಕ್ಕು, ಸೆರಗು ಸಾವರಿಸಿಕೊಂಡು ಹೊಸ್ತಿಲ ಮೇಲೆ ಕೂತರು.

‘ಅಲ್ಲಿ ನೀವು ಕಾದ್ರಿ, ಇಲ್ಲಿ ನಾ ಕಾಯ್ತೀನಿ. ಒಳಗ ಹೋಗಿ ನಿಂತು ನೋಡ್ರಿ. ಗಡಬಡಿ ಮಾಡಬ್ಯಾಡ್ರಿ.’

ಒಳಗೆ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರ್, ಅದರ ಪಕ್ಕದಲ್ಲಿ ಹೊಸ ಫೋಟೋ. ಫೋಟೋದಲ್ಲಿ ಬುದ್ಧ ಕತ್ತಲಿನಿಂದ ಬಲಗೈ ಎತ್ತಿ ಕೂತಿದ್ದಾನೆ. ಕೆಳಗೆ, ಅವನ ತಾವರೆ ಪೀಠದ ದಳವೊಂದಕ್ಕಿಂತ ಚಿಕ್ಕವರಾಗಿ, ಬರಿಗಾಲಿನಲ್ಲಿ ಟೀಚರ್ ನಿಂತಿದ್ದಾರೆ. ಚೌಕಟ್ಟಿನ ಮುಂದೆ ತಟ್ಟೆಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು. ನಾನು ಕೈಮುಗಿದು, ಟೀಚರ್ ಹೇಳಿದಂತೆ ಗಡಬಡಿ ಮಾಡದೆ ನಿಂತೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮತ್ತೆ ಕೂಗಿತು. ‘ಅಯ್ಯ, ಬ್ಯಾಳಿ!’ ಎಂದು ಟೀಚರ್ ಓಡಿದ್ದು ಕೇಳಿಸಿತು.

ಹೊರಗೆ ಬಂದಾಗ ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಬಲಗಾಲಿನ ಬೂಟು ಇಟ್ಟಲ್ಲೇ ಇತ್ತು.